ಚೀಟಿ ಎತ್ತೋಕೆ ಮಗು ಬೇಕಿತ್ತು

ಹಿಸೆಯ ದಿನ, ಅಂದರೆ ಮನೆಯ ಆಸ್ತಿ ಪಾಲಾಗುವ ದಿನ, ಚೀಟಿ ಎತ್ತೋಕೆ ನಮ್ಮ ಮನೆಯಲ್ಲಿ ಒಂದು ಮಗುವೂ ಇರಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗಿಯನ್ನು ಕರೆತಂದರು. ನಾನು ಚಿಕ್ಕವಳಿದ್ದಾಗ ಸಾಗರದ ಹತ್ತಿರದ ಈ ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ 19 ಬಾಳೆ ಎಲೆ ಹಾಕುತ್ತಿದ್ದರು. ಮಕ್ಕಳೇ 8 ಜನ ಇದ್ದೆವು.

ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ. ಮೂರು ಚೀಟಿ. ಅಡಿಕೆ ತೋಟವನ್ನು ಮೊದಲೇ ಅಳೆದು ಸರಿದೂಗಿಸಿದ್ದರು. ಹುಡುಗಿ ಪಟಪಟ ಎತ್ತಿಕೊಟ್ಟು ಚಾಕಲೇಟ್ ಕೇಳಿದಳು. ಐದು ನಿಮಿಷದ ಕೆಲಸ.

ಒಲೆ ಬೇರೆಯಾಗಿ ಮಾತ್ರ ಆಗಲೇ 11 ವರ್ಷವಾಗಿತ್ತು. ಚಿಕ್ಕಮ್ಮ ತಮ್ಮ ಕೋಣೆಯ ಪಕ್ಕ ಗ್ಯಾಸ್ ಇಟ್ಟುಕೊಂಡಾಗ ಜಗಳ ಏನೂ ಆಗಲಿಲ್ಲ. "ಬೆಳಿಗ್ಗೆ ಕಾಫಿಗೆ ಅಷ್ಟೇ ಅಕ್ಕಾ" ಅಂದಿದ್ದರಂತೆ ಅಮ್ಮನ ಹತ್ತಿರ. ಆಮೇಲೆ ತಿಂಡಿ. ಆಮೇಲೆ ಸಾರು. ಒಂದು ದಿನ ಉಪ್ಪಿನಕಾಯಿ ಭರಣಿಯೂ ಆ ಕಡೆ ಹೋಯಿತು. ಅವತ್ತು ಅಮ್ಮ ಅತ್ತಿದ್ದು ನನಗೆ ನೆನಪಿದೆ.

ಪಾತ್ರೆಗಳ ಸರದಿ ಬಂದಾಗ ಯಾರಿಗೂ ಬೇಡ. ಬಚ್ಚಲಿನ ತಾಮ್ರದ ಹಂಡೆಯನ್ನು ವಿಡಿಯೋ ಕಾಲ್‌ನಲ್ಲಿ ನೋಡಿದ ದೊಡ್ಡಪ್ಪನ ಮಗ, "ಅಪ್ಪಾ, ಅದು ನಮ್ಮ ಫ್ಲ್ಯಾಟ್‌ನ ಬಾಗಿಲಲ್ಲೇ ಹಿಡಿಯಲ್ಲ" ಅಂದ. ಹಂಡೆ ಇದ್ದಲ್ಲೇ ಇದೆ.

ಮಧ್ಯಾಹ್ನ ಸೋದರತ್ತೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅವರ ಮದುವೆ ಆಗಿದ್ದು 1978ರಲ್ಲಿ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಬಂತು, ಆದರೆ ಅಷ್ಟರಲ್ಲಿ ಮದುವೆಯಾದವರಿಗೆ ಇಲ್ಲ. 2005ರ ಕೇಂದ್ರದ ತಿದ್ದುಪಡಿ ಅಂಥವರಿಗೂ ಕೊಟ್ಟಿತು. ಹಾಗಾಗಿ ಅತ್ತೆಯ ಸಹಿ ಇಲ್ಲದೆ ಆಗಲ್ಲ ಅಂತ ವಕೀಲರು ಹೇಳಿದ್ದರು. ಅಣ್ಣ ತಮ್ಮಂದಿರಷ್ಟೇ ಪಾಲು ಅವರಿಗೂ ಇತ್ತು. ಒಂದು ಸೀರೆ, ಅರಿಶಿನ ಕುಂಕುಮ ತಗೊಂಡು ಸಹಿ ಹಾಕಿದರು. "ತವರಿನ ಬಾಗಿಲು ತೆಗೆದಿದ್ರೆ ಸಾಕಪ್ಪ" ಅಂದರು. ಯಾವ ಬಾಗಿಲು ಅತ್ತೆ, ಈಗ ಮೂರಾಯ್ತಲ್ಲ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ.

ಪೆನ್ನು ನನ್ನ ಕಡೆ ಬಂತು. ಅಪ್ಪನ ಪಾಲು ಮುಂದೆ ತಮ್ಮನಿಗೆ ಅಂತ ಎಲ್ಲರೂ ಸುಮ್ನೆ ಅಂದುಕೊಂಡಿದ್ದರು. "ನಿಂದೂ ಒಂದು ಹಾಕಿಬಿಡು" ಅಂದರು ಅಪ್ಪ, ಪೋಸ್ಟ್‌ಮ್ಯಾನ್ ಕೊಟ್ಟ ಪತ್ರಕ್ಕೆ ಹೇಳುವ ಹಾಗೆ. ನನಗೆ ತೋಟ ಬೇಕು ಅಂತ ಅವತ್ತಿನವರೆಗೂ ಅನಿಸಿರಲಿಲ್ಲ. ಆದರೂ ಕೈ ಏಳಲಿಲ್ಲ. ಓದಿ ಹೇಳ್ತೀನಿ ಅಂದೆ. ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಎದ್ದು ಎಲೆ ಅಡಿಕೆ ತಟ್ಟೆ ಹತ್ತಿರ ಹೋದರು. ನನ್ನ ತಮ್ಮ ಮೊಬೈಲ್ ನೋಡುತ್ತಾ ಕೂತ.

ಸಂಜೆ ಬಸ್ಸಿಗೆ ಅಮ್ಮ ಗೇಟಿನವರೆಗೆ ಬಂದರು. ಹಪ್ಪಳದ ಡಬ್ಬಿ ಕೈಗಿಟ್ಟು, ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿ, ಮೆಲ್ಲಗೆ ಕೇಳಿದರು:

"ಓದಿ ಆದಮೇಲೆ ಅದರಲ್ಲಿ ಏನಿದೆ ಅಂತ ನಂಗೂ ಹೇಳ್ತೀಯಾ?"