ಪ್ರಾಸ ಬಿಟ್ಟವರ ಊರಿನಲ್ಲಿ ಎಮಿನೆಮ್

ಮಂಜೇಶ್ವರ, 29 ಜೂನ್ 2025, ಭಾನುವಾರ

ಬೆಳಗಿನಿಂದ ಬಿಡದೆ ಸುರಿದ ಮಳೆಯಿಂದಾಗಿ ಸಂಜೆಯ ತಾಳಮದ್ದಳೆಗೆ, ಅಂದರೆ ವೇಷವಿಲ್ಲದೆ ಕುಳಿತು ಹಾಡು-ಮಾತುಗಳಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗುವುದು ತಪ್ಪಿತು. ಮಾವನವರ ಮದ್ದಳೆ ಬಟ್ಟೆ ಹೊದ್ದುಕೊಂಡು ಜಗಲಿಯ ಮೂಲೆಯಲ್ಲೇ ಉಳಿಯಿತು. ಮಂಗಳೂರಿನ ಕಾಲೇಜಿನಿಂದ ಬಂದಿದ್ದ ಅಕ್ಕನ ಮಗನಿಗೂ ಅವರಿಗೂ ಎಮಿನೆಮ್ ಎಂಬ ಅಮೆರಿಕದ ರ‍್ಯಾಪರ್‌ನ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಎರಡು ಗಂಟೆ ಕಳೆದುಹೋಯಿತು. ಇಂಗ್ಲಿಷಿನಲ್ಲಿ ಅವನಷ್ಟು ನುರಿತ ಪದ್ಯಕಾರ ಇಂದು ಇನ್ನೊಬ್ಬನಿಲ್ಲ ಎಂಬುದು ಹುಡುಗನ ವಾದ. ಅದು ಪದ್ಯವೇ ಅಲ್ಲ, ಉಸಿರು ಬಿಗಿಹಿಡಿದು ಬೈಯುವುದು ಎಂಬುದು ಮಾವನವರ ವಾದ. ಮೂವತ್ತು ವರ್ಷ ಶಾಲೆಯಲ್ಲಿ ಛಂದಸ್ಸು ಹೇಳಿಕೊಟ್ಟವನೆಂಬ ಒಂದೇ ಕಾರಣಕ್ಕೆ ತೀರ್ಪಿನ ಹೊರೆ ನನ್ನ ತಲೆಗೆ ಬಿತ್ತು.

ಹುಡುಗ ಮೊದಲು ಮುಂದಿಟ್ಟ ಸಾಕ್ಷಿಯೇ ಸೊರಗಿದ ಸಾಕ್ಷಿ. 2013ರ ‘ರ‍್ಯಾಪ್ ಗಾಡ್’ ಎಂಬ ಹಾಡಿನಲ್ಲಿ 6 ನಿಮಿಷ 4 ಸೆಕೆಂಡುಗಳಿಗೆ 1,560 ಪದಗಳಿವೆ, ಅದಕ್ಕೆ ಗಿನ್ನೆಸ್ ದಾಖಲೆಯೂ ಸಂದಿದೆ ಎಂದು ಅವನು ಫೋನ್ ತೋರಿಸಿದ. ಸೆಕೆಂಡಿಗೆ ನಾಲ್ಕು ಪದ ಮೀರುವುದು ನಾಲಿಗೆಯ ಸಾಮರ್ಥ್ಯವೇ ಹೊರತು ರಚನೆಯ ಸಾಮರ್ಥ್ಯವಲ್ಲ. ಚೆಂಡೆಯ ಉರುಳಿಕೆ ಎಷ್ಟೇ ಬಿರುಸಾಗಿದ್ದರೂ ಅದನ್ನು ಕೇಳಿ ಪ್ರಸಂಗ ಬರೆದವನನ್ನು ಯಾರೂ ಹೊಗಳುವುದಿಲ್ಲವಲ್ಲ ಎಂದು ನಾನು ಹೇಳಿದಾಗ ಮಾವನವರು ಗೆದ್ದವರಂತೆ ಎಲೆಗೆ ಸುಣ್ಣ ಹಚ್ಚತೊಡಗಿದರು.

ಆದರೆ ಎರಡನೆಯ ಸಾಕ್ಷಿಗೆ ನಾನೇ ಸೋತೆ. ‘ಲೂಸ್ ಯುವರ್‌ಸೆಲ್ಫ್’ ಹಾಡಿಗೆ 2003ರಲ್ಲಿ ಆಸ್ಕರ್ ಬಂದದ್ದು ನನಗೆ ತಿಳಿದಿತ್ತು, ರ‍್ಯಾಪ್ ಹಾಡೊಂದಕ್ಕೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು. ಆದರೆ ಅದರ ಮೊದಲ ಸಾಲುಗಳನ್ನು ನಾನು ಈವರೆಗೆ ಕಿವಿಗೊಟ್ಟು ಕೇಳಿರಲಿಲ್ಲ. ಹುಡುಗ ಹಾಡನ್ನು ನಿಲ್ಲಿಸಿ ನಿಲ್ಲಿಸಿ ನಾಲ್ಕು ಪದಗಳನ್ನು ಹೆಕ್ಕಿಕೊಟ್ಟ: ಸ್ವೆಟಿ, ಹೆವಿ, ಆಲ್‌ರೆಡಿ, ಸ್ಪಗೆಟಿ. ನಮ್ಮ ಲೆಕ್ಕದಲ್ಲಿ ಇದು ಪ್ರಾಸವೇ ಅಲ್ಲ. ಹತ್ತನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಸಿಂಹ, ಗಜ, ವೃಷಭ ಮುಂತಾಗಿ ಆರು ಬಗೆಯ ಪ್ರಾಸಗಳನ್ನು ಹೇಳಿದ್ದಾನೆ. ಎರಡನೆಯ ಅಕ್ಷರದ ವ್ಯಂಜನವು ಎಲ್ಲ ಪಾದಗಳಲ್ಲಿ ಒಂದೇ ಆಗಿರಬೇಕು ಎಂಬುದು ಅವಕ್ಕೆಲ್ಲ ಸಾಮಾನ್ಯವಾದ ನಿಯಮ. ಅದರ ಮೇಲಿನ ಸ್ವರ ಯಾವುದಿದ್ದರೂ ಅಡ್ಡಿಯಿಲ್ಲ. ಕಾಡು, ನೀಡಿ, ಬೇಡ ಎಂಬ ಮೂರೂ ಗಜಪ್ರಾಸದಲ್ಲಿ ಒಟ್ಟಿಗೆ ನಿಲ್ಲುತ್ತವೆ. ಎಮಿನೆಮ್‌ನ ಕ್ರಮ ಇದಕ್ಕೆ ಸರಿಯಾಗಿ ತಿರುವುಮುರುವು. ಅಲ್ಲಿ ಟ, ವ, ಡ ಎಂದು ವ್ಯಂಜನಗಳು ಬದಲಾಗುತ್ತ ಹೋಗುತ್ತವೆ, ಎ-ಇ ಎಂಬ ಸ್ವರಗಳ ಜೋಡಿ ಮಾತ್ರ ಕದಲುವುದಿಲ್ಲ, ಮತ್ತು ಒತ್ತು ಬೀಳುವ ‘ಎ’ ಪ್ರತಿ ಸಲವೂ ತಾಳದ ಪೆಟ್ಟಿಗೆ ಬಂದು ಸಿಕ್ಕುತ್ತದೆ.

ಇದನ್ನು ಪರೀಕ್ಷಿಸಿಯೇ ಬಿಡೋಣ ಎಂದು ನಾನು ಪಂಚಾಂಗದ ಹಿಂಬದಿಯಲ್ಲಿ ದಾರಿ, ಗಾಡಿ, ಚಾವಿ, ಬಾಕಿ, ಖಾಲಿ ಎಂದು ಬರೆದುಕೊಟ್ಟೆ. ಹುಡುಗ ಅವುಗಳ ನಡುವೆ ಅರ್ಥವಿಲ್ಲದ ತುಂಡು ಮಾತುಗಳನ್ನು ತುರುಕಿ, ಸ್ಟೀಲಿನ ಮುಚ್ಚಳದ ಮೇಲೆ ಬೆರಳು ಬಡಿಯುತ್ತ ಹೇಳಿದ. ಇದು ಪ್ರಾಸವಲ್ಲ ಎಂದು ಮಾವನವರು ಎರಡು ಸಲ ಹೇಳಿದರು, ಹೇಳುವಾಗಲೂ ಅವರ ಅಂಗೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು.

ಇಂಗ್ಲಿಷಿನಲ್ಲಿ ‘ಆರೆಂಜ್’ ಪದಕ್ಕೆ ಪ್ರಾಸವಿಲ್ಲ ಎಂಬ ಮಾತು ಬಹಳ ಹಳೆಯದು. 2010ರಲ್ಲಿ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮದಲ್ಲಿ ಎಮಿನೆಮ್ ಆ ಮಾತಿಗೆ ರೇಗಿದವನಂತೆ ಫೋರ್ ಇಂಚ್, ಡೋರ್ ಹಿಂಜ್, ಸ್ಟೋರೇಜ್, ಪೋರಿಜ್ ಎಂದು ಪೋಣಿಸುತ್ತ ಹೋಗಿ, ಪದವನ್ನು ಬಾಯಲ್ಲಿ ಸ್ವಲ್ಪ ಬಾಗಿಸಿದರೆ ಪ್ರಾಸ ಸಿಗುತ್ತದೆ ಎಂದು ತೋರಿಸಿದ. ಹಾಳೆಗಳಲ್ಲಿ ಪದಗಳನ್ನು ಗೀಚಿ ತುಂಬಿಟ್ಟ ಪೆಟ್ಟಿಗೆಯೂ ಅದರಲ್ಲಿ ಕಾಣುತ್ತದೆ. ಇದೇ ಊರಿನವರಾದ ಕವಿ ಗೋವಿಂದ ಪೈಗಳು 1911ರ ಹೊತ್ತಿಗೆ ಎರಡನೆಯ ಅಕ್ಷರದ ಆ ಆದಿಪ್ರಾಸವನ್ನು ಕೈಬಿಟ್ಟದ್ದು ನನಗೆ ಆಗ ನೆನಪಾಯಿತು. ಪ್ರಾಸಕ್ಕಾಗಿ ಅರ್ಥವನ್ನು ಬಗ್ಗಿಸುವುದು ಬೇಡವೆಂದು ಅವರು ಪ್ರಾಸವನ್ನು ಬಿಟ್ಟರು. ಈತ ಅರ್ಥವನ್ನೂ ಬಿಡದೆ ಪ್ರಾಸವನ್ನೂ ಬಿಡದೆ ಉಚ್ಚಾರವನ್ನು ಬಗ್ಗಿಸಿದ. ಓದುವ ಪದ್ಯಕ್ಕೆ ಈ ಉಪಾಯ ಒದಗುವುದಿಲ್ಲ, ಹಾಡುವ ಪದ್ಯಕ್ಕೆ ಒದಗುತ್ತದೆ. ಆದ್ದರಿಂದ ಅವನ ಸಾಲುಗಳನ್ನು ಕಾಗದದ ಮೇಲೆ ಇಟ್ಟು ಇದು ಕವಿತೆಯೇ ಎಂದು ಕೇಳುವುದು ತಪ್ಪು ಪ್ರಶ್ನೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳನ್ನೂ ಹಾಡುವ ಭಾಗವತರ ಕಂಠವಿಲ್ಲದೆ ಬರಿದೇ ಓದಿದರೆ ಅರ್ಧ ಜೀವ ಹೋಗುತ್ತದೆ.

ಬೈಗುಳದ ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಅದು ಎಮಿನೆಮ್ ಹಾಡಿನಲ್ಲಿ ತೊಡುವ ಸ್ಲಿಮ್ ಶೇಡಿ ಎಂಬ ವೇಷ ಆಡುವ ಮಾತು, ತಾಳಮದ್ದಳೆಯಲ್ಲಿ ದುಶ್ಶಾಸನನ ಅರ್ಥ, ಅಂದರೆ ಅವನ ಪಾತ್ರದ ಮಾತು, ಹೇಳುವವರು ದುಶ್ಶಾಸನರೇ ಆಗಿಬಿಡುತ್ತಾರೆಯೇ ಎಂದು ಹುಡುಗ ಜಾಣತನದಿಂದ ಮಾವನವರ ಆಯುಧವನ್ನೇ ಎತ್ತಿಕೊಂಡ. ಅದಕ್ಕೆ ಮಾವನವರು ಕೊಟ್ಟ ಉತ್ತರ ಇಡೀ ಸಂಜೆಯಲ್ಲಿ ಆಡಿದ ಮಾತುಗಳಲ್ಲೇ ತೂಕದ್ದು ಎಂದು ನನಗೆ ಅನ್ನಿಸಿತು. ತಾಳಮದ್ದಳೆಯಲ್ಲಿ ದುಶ್ಶಾಸನನ ಎದುರಿಗೆ ಇನ್ನೊಬ್ಬ ಅರ್ಥಧಾರಿ ಕುಳಿತಿರುತ್ತಾನೆ, ಮಾತಿಗೆ ಅಲ್ಲೇ ಉತ್ತರ ಬೀಳುತ್ತದೆ. ನಿನ್ನವನ ಎದುರಿನ ಚಾಪೆ ಖಾಲಿ ಎಂದರು. ಹೆಂಗಸರನ್ನು ಹೀನಾಯವಾಗಿ ಬೈಯುವ ಅವನ ಹಲವು ಹಾಡುಗಳಿಗೆ ಈ ಮಾತು ಸರಿಯಾಗಿ ಹೊಂದುತ್ತದೆ. ಅಲ್ಲಿ ಪ್ರಾಸದ ಚಮತ್ಕಾರ ಎಷ್ಟು ಹೆಚ್ಚುತ್ತದೆಯೋ ನನಗೆ ಅಷ್ಟು ಬೇಸರವಾಗುತ್ತದೆ.

ಆದರೆ ಎದುರಿನ ಚಾಪೆ ತುಂಬಿರುವ ಹಾಡೂ ಒಂದಿದೆ. 2000ದಲ್ಲಿ ಬಂದ ‘ಸ್ಟ್ಯಾನ್’ ಅದು. ಅಭಿಮಾನಿಯೊಬ್ಬ ತನ್ನ ಮೆಚ್ಚಿನ ಗಾಯಕನಿಗೆ ಪತ್ರ ಬರೆಯುತ್ತಾನೆ, ಉತ್ತರ ಬಾರದೆ ಇನ್ನೊಂದು ಬರೆಯುತ್ತಾನೆ. ಮೂರನೆಯದನ್ನು ಬರೆಯುವುದಿಲ್ಲ, ಕುಡಿದು ಕಾರು ಓಡಿಸುತ್ತಲೇ ಟೇಪಿಗೆ ಹೇಳುತ್ತಾನೆ. ಅವನ ಗರ್ಭಿಣಿ ಸಂಗಾತಿ ಅದೇ ಕಾರಿನ ಡಿಕ್ಕಿಯಲ್ಲಿ ಸೆರೆಯಾಗಿರುತ್ತಾಳೆ. ನಾಲ್ಕನೆಯ ಚರಣ ಗಾಯಕನು ನಿಧಾನವಾಗಿ, ಸಮಾಧಾನದ ದನಿಯಲ್ಲಿ ಬರೆಯುವ ಉತ್ತರ. ಬರೆಯುತ್ತ ಬರೆಯುತ್ತ ಸುದ್ದಿಯಲ್ಲಿ ಕಂಡ ಸೇತುವೆಯ ಅಪಘಾತವೊಂದು ನೆನಪಾಗಿ, ಸತ್ತವನು ಇವನೇ ಎಂದು ಅವನಿಗೆ ಹೊಳೆಯುವಲ್ಲಿ ಹಾಡು ಮುಗಿಯುತ್ತದೆ. ಇಲ್ಲಿ ಪ್ರಾಸಗಳು ಇವೆ, ಆದರೆ ಮೆರೆಯುವುದಿಲ್ಲ. ಅಭಿಮಾನಿಯ ಮಾತು ಚರಣದಿಂದ ಚರಣಕ್ಕೆ ಬಿಸಿಯೇರುವುದೂ ಗಾಯಕನ ಮಾತು ತಣ್ಣಗೇ ಉಳಿಯುವುದೂ ಕೇಳುಗನಿಗೆ ಸ್ಪಷ್ಟವಾಗಿ ಬೇರೆಬೇರೆಯಾಗಿ ಕೇಳಿಸುತ್ತವೆ. ಒಬ್ಬನೇ ಕುಳಿತು ಎರಡು ಪಾತ್ರಗಳ ಅರ್ಥವನ್ನು ಹೀಗೆ ಹೇಳಬಲ್ಲವನನ್ನು ನುರಿತ ರಚನಕಾರನಲ್ಲ ಎನ್ನಲು ನನ್ನಿಂದಾಗದು. ಈ ಹಾಡಿನ ಹೆಸರೇ ಅತಿರೇಕದ ಅಭಿಮಾನಿಯನ್ನು ಸೂಚಿಸುವ ಪದವಾಗಿ ಇಂಗ್ಲಿಷ್ ನಿಘಂಟುಗಳನ್ನು ಸೇರಿದೆ.

ನಾನು ಸಾಲುಸಾಲಾಗಿ ಅರ್ಥ ಹೇಳುತ್ತ ಹೋದಂತೆ ಮಾವನವರು ಸುಮ್ಮನೆ ಕೇಳಿದರು. ಮುಗಿದ ಮೇಲೆ ಅವನ ಪ್ರಾಸವನ್ನೂ ಹೊಗಳಲಿಲ್ಲ, ಪದ್ಯಕಾರನೆಂದೂ ಒಪ್ಪಲಿಲ್ಲ. ಸಾವಿನ ಸುದ್ದಿಯನ್ನು ಕೊನೆಯ ಪದಕ್ಕೆ ಉಳಿಸಿಕೊಂಡವನಿಗೆ ಪ್ರಸಂಗ ನಡೆಸುವುದು ಗೊತ್ತಿದೆ ಎಂದಷ್ಟೇ ಹೇಳಿ, ಮಳೆಯ ಎರಚಲು ತಾಗದಂತೆ ಮದ್ದಳೆಯನ್ನು ಒಳಗಿಡಲು ಹುಡುಗನನ್ನು ಕರೆದರು.