ತಗಡಿನ ಪಾತ್ರೆಯ ಫಾದರ್

"ಇವರು ಇನ್ನೂ ಸಂತರಾಗಿಲ್ವಾ?" ದೊಡ್ಡಮ್ಮ ಕನ್ನಡಕ ಮೇಲೆತ್ತಿಕೊಂಡು ಕಾರ್ಡನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು.

"ಇಲ್ಲ ದೊಡ್ಡಮ್ಮ. 'ಪೂಜ್ಯ' ಅಂತ ಆಗಿದ್ದಾರೆ. ಮುಂದೆ 'ಪುನೀತ', ಆಮೇಲೆ 'ಸಂತ'. ಇನ್ನೂ ಎರಡು ಮೆಟ್ಟಿಲು ಬಾಕಿ."

"ಒಳ್ಳೇದೇ ಆಯ್ತು ಬಿಡು. ಮಂಗಳವಾರ ಬಂತು ಅಂದ್ರೆ ಡೋರನಹಳ್ಳಿ ಅಂತೋಣಪ್ಪನ ಹತ್ರ ಕಾಲಿಡೋಕೆ ಜಾಗ ಇರಲ್ಲ. ಇವರ ಹತ್ರ ರಶ್ ಕಡಿಮೆ. ಹೇಳಿದ್ದು ಬೇಗ ಕಿವಿಗೆ ಬೀಳತ್ತೆ."

ಅವತ್ತು ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಅಮ್ಮನ ಸಮಾಧಿ ತೊಳೆದು, ಸೇವಂತಿಗೆ ಹರಡಿ, ಗಾಳಿಗೆ ನಾಲ್ಕು ಸಲ ಆರಿದ ಮೇಣದಬತ್ತಿಯನ್ನು ಐದನೇ ಸಲ ಹಚ್ಚಿ ಮನೆಗೆ ಬಂದಿದ್ದೆವು. ಫಾದರ್ ಒಬ್ಬರ ಚಿತ್ರವಿದ್ದ ಆ ಕಾರ್ಡು ನನ್ನ ಪ್ರಾರ್ಥನೆ ಪುಸ್ತಕದೊಳಗಿನದು. ಸೈನ್ಯದಿಂದ ನಿವೃತ್ತರಾದ ನಮ್ಮ ಚರ್ಚಿನ ಹಿರಿಯರೊಬ್ಬರು, ಅಮ್ಮ ಹಾಸಿಗೆ ಹಿಡಿದಿದ್ದಾಗ ಕೊಟ್ಟಿದ್ದರು. "ಇವರು ಪಟಾಲಂ ಪಾದ್ರಿ. ಕೇಳಿ ನೋಡಿ" ಎಂದಿದ್ದರು, ಅಷ್ಟೇ.

ಎಮಿಲ್ ಕಪಾನ್. ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ಪಿಲ್ಸನ್ ಅಂತೊಂದು ಹಳ್ಳಿ, ಬೊಹೆಮಿಯಾದಿಂದ ಬಂದು ನೆಲೆಸಿದ ಜೆಕ್ ರೈತರದು. 1916ರ ಏಪ್ರಿಲ್ 20, ಪವಿತ್ರ ಗುರುವಾರದಂದು ಅಲ್ಲಿನ ಒಂದು ಬೇಸಾಯದ ಮನೆಯಲ್ಲಿ ಹುಟ್ಟಿದವರು. 1940ರಲ್ಲಿ ಅದೇ ರಾಜ್ಯದ ವಿಚಿತಾ ನಗರದ ಧರ್ಮಕ್ಷೇತ್ರದ (ಬಿಷಪ್ಪರ ಆಡಳಿತದ ಪ್ರದೇಶ) ಗುರುವಾದರು. ಎರಡನೇ ಮಹಾಯುದ್ಧದ ಹೊತ್ತಿಗೆ ಸೇನಾ ಗುರುವಾಗಿ 1945–46ರಲ್ಲಿ ಭಾರತ, ಬರ್ಮಾಗಳಲ್ಲಿ ಓಡಾಡಿದ್ದರು. ಇದನ್ನು ಹೇಳಿದಾಗ ದೊಡ್ಡಮ್ಮನ ಮುಖ ಅರಳಿತು. "ಅಂದ್ರೆ ನಮ್ಮ ದೇಶದ ನೀರು ಕುಡಿದವರು!"

1950ರಲ್ಲಿ ಕೊರಿಯಾ ಯುದ್ಧ. ಜೀಪಿನ ಬಾನೆಟ್ಟಿನ ಮೇಲೆ ಬಟ್ಟೆ ಹಾಸಿ ಬಲಿಪೂಜೆ (ಮಾಸ್) ಅರ್ಪಿಸುತ್ತಿರುವ ಅವರ ಫೋಟೋ ಒಂದಿದೆ, ಅದೇ ಅಕ್ಟೋಬರ್ 7ರದು. ಜೀಪು ನಾಶವಾದಾಗ ಸೈಕಲ್ ಹಿಡಿದು ತುಕಡಿಯಿಂದ ತುಕಡಿಗೆ ಹೋದರಂತೆ. ನವೆಂಬರ್ 1, ಸಕಲ ಸಂತರ ಹಬ್ಬದ ರಾತ್ರಿ ಉನ್ಸಾನ್‌ನಲ್ಲಿ ಚೀನೀ ಪಡೆ ಮುತ್ತಿಕೊಂಡಿತು. ತಪ್ಪಿಸಿಕೊಳ್ಳಬಹುದಿತ್ತು, ಗಾಯಾಳುಗಳನ್ನು ಬಿಟ್ಟು ಹೋಗಲಿಲ್ಲ. ಸೆರೆ ಸಿಕ್ಕಿದ್ದು ಮರುದಿನ, ನಾವು ಸಮಾಧಿಗಳಿಗೆ ಹೂವಿಡುವ ಅದೇ ನವೆಂಬರ್ 2ರಂದು.

ಸೆರೆ ಸಿಕ್ಕ ಆ ಹೊತ್ತಿನದೇ ಒಂದು ಘಟನೆ. ಹರ್ಬರ್ಟ್ ಮಿಲ್ಲರ್ ಎಂಬ ಸಾರ್ಜೆಂಟ್ ಕಾಲಿನ ಹರಡು ಮುರಿದು ಬಿದ್ದಿದ್ದ. ಶತ್ರು ಸೈನಿಕನೊಬ್ಬ ಅವನ ತಲೆಗೆ ಬಂದೂಕು ಇಟ್ಟಿದ್ದ. ಸೆರೆಯಾಳಾಗಿದ್ದ ಕಪಾನ್ ನೆಟ್ಟಗೆ ನಡೆದು ಬಂದು, ಬಂದೂಕನ್ನು ಪಕ್ಕಕ್ಕೆ ತಳ್ಳಿ, ಮಿಲ್ಲರ್‌ನನ್ನು ಎತ್ತಿಕೊಂಡು ನಡೆದೇಬಿಟ್ಟರು. ಆ ಸೈನಿಕ ಗುಂಡು ಹಾರಿಸಲಿಲ್ಲ. ಯಾಕೆ ಹಾರಿಸಲಿಲ್ಲ ಅನ್ನೋದು ನನ್ನ ತಲೆಯಿಂದ ಹೋಗುವುದೇ ಇಲ್ಲ. ಮುಂದಿನ ಮೆಟ್ಟಿಲಿಗೆ ಅವರ ಮೊರೆಯಿಂದ ನಡೆದ ಪವಾಡ ಬೇಕು ಅಂತ ರೋಮಿನವರು ಹುಡುಕುತ್ತಿದ್ದಾರೆ. ನನಗಾದರೆ ಇದೊಂದೇ ಸಾಕಾಗಿತ್ತು. 2013ರಲ್ಲಿ ಶ್ವೇತಭವನದಲ್ಲಿ ಕಪಾನ್ ಅವರಿಗೆ ಮರಣೋತ್ತರವಾಗಿ ಮೆಡಲ್ ಆಫ್ ಆನರ್ ಕೊಟ್ಟ ದಿನ ಮಿಲ್ಲರ್ ಮುದುಕನಾಗಿ ಅಲ್ಲಿ ಕೂತಿದ್ದ.

ಆದರೂ ಅವರು ನನಗೆ ಹತ್ತಿರವಾದದ್ದು ಈ ಶೌರ್ಯದಿಂದಲ್ಲ, ಯಾಲು ನದಿಯ ದಂಡೆಯ ಪ್ಯೋಕ್ತಾಂಗ್ ಸೆರೆಶಿಬಿರದಲ್ಲಿ ಮಾಡಿದ ಮನೆಗೆಲಸದಿಂದ. ಚಳಿ, ಹಸಿವು, ರಕ್ತಭೇದಿ. ಬಾಂಬಿಗೆ ಉದುರಿದ ಚಾವಣಿಯ ತಗಡು ಹೆಕ್ಕಿ ತಂದು, ಕಲ್ಲಿನಿಂದ ಬಡಿದು ಬಡಿದು ಪಾತ್ರೆ ಮಾಡಿದರು. ಅದರಲ್ಲಿ ನೀರು ಕಾಯಿಸಿದರು. ಅಷ್ಟು ಕುದಿಸಿದ ನೀರಿಗೆ ಎಷ್ಟೋ ಜೀವ ಉಳಿದವು. ಏಳಲಾರದವರ ಹೇಲು ಬಳಿದು, ಅವರ ಬಟ್ಟೆ ಒಗೆದರು. ಹೇನು ಹೆಕ್ಕಿದರು. ರಾತ್ರಿ ಕಾವಲುಗಾರರ ಕಣ್ಣು ತಪ್ಪಿಸಿ ಕಾಳುಕಡ್ಡಿ ಕದ್ದು ತಂದರು. ಕದಿಯಲು ಹೊರಡುವ ಮುಂಚೆ ಅವರು ಮೊರೆಯಿಡುತ್ತಿದ್ದದ್ದು ಸಂತ ದಿಸ್ಮಾಸನಿಗೆ, ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಆ ಒಳ್ಳೆಯ ಕಳ್ಳನಿಗೆ. ದೊಡ್ಡಮ್ಮ ಇಲ್ಲಿಗೆ ಬಂದಾಗ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಅಮ್ಮನ ಕೊನೆಯ ಮೂರು ತಿಂಗಳು ಅವರ ಬಟ್ಟೆ ನಾನೇ ಒಗೆಯುತ್ತಿದ್ದೆ. ಮೊದಮೊದಲು ಉಸಿರು ಬಿಗಿಹಿಡಿದುಕೊಂಡೇ ಬಕೆಟ್ಟಿನ ಹತ್ತಿರ ಹೋಗುತ್ತಿದ್ದೆ. ಬೆಳಗಿನ ಜಾವ ಮೂರು ಗಂಟೆಗೆ, ಡೆಟಾಲ್ ವಾಸನೆಯ ನಡುವೆ, ಅಮ್ಮನ ಮೇಲೆ ಸಿಡುಕಿದ್ದೂ ಇದೆ. ಸುಳ್ಳು ಯಾಕೆ ಹೇಳಲಿ. ಹಾಗಿದ್ದಾಗ ಆ ತಗಡಿನ ಪಾತ್ರೆ ನೆನಪಿಗೆ ಬರುತ್ತಿತ್ತು. ನನ್ನ ಮನೆಯಲ್ಲಿ ಗೀಸರ್ ಇದೆ, ವಾಷಿಂಗ್ ಮೆಷಿನ್ ಇದೆ. ಅಲ್ಲಿ ಆ ಮನುಷ್ಯ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ತನಗೆ ಏನೇನೂ ಆಗಬೇಕಾಗಿಲ್ಲದವರ ಬಟ್ಟೆ ಹಿಂಡುತ್ತಿದ್ದರು. ಬರಬರುತ್ತಾ ಉಸಿರು ಬಿಗಿಹಿಡಿಯುವುದು ತಾನಾಗಿ ನಿಂತುಹೋಯಿತು. ಅಮ್ಮ ಉಳಿಯಲಿಲ್ಲ. ಅವರ ಸಂತ ಪದವಿಯ ಕಡತ ನೋಡಿಕೊಳ್ಳುವ ವಿಚಿತಾಗೆ ಬರೆದು ಕಳಿಸುವಂಥ ಸಾಕ್ಷ್ಯ ನನ್ನ ಹತ್ತಿರ ಇಲ್ಲ.

ಸಾಕ್ಷ್ಯ ಅಂದದ್ದಕ್ಕೆ ಹೇಳುತ್ತೇನೆ. ಅವರನ್ನು 'ದೇವರ ಸೇವಕ', ಅಂದರೆ ಈ ಹಾದಿಯ ಮೊದಲ ಮೆಟ್ಟಿಲು, ಎಂದು ಕರೆದದ್ದು 1993ರಲ್ಲಿ. ಧರ್ಮಕ್ಷೇತ್ರದ ವಿಚಾರಣೆ, ರೋಮಿಗೆ ಹೋದ ಕಡತಗಳು, ಹೀಗೆ ಮೂವತ್ತು ವರ್ಷದ ಮೇಲಾಯಿತು. ಸೆರೆಶಿಬಿರದಲ್ಲಿ ಸತ್ತವರು ರಕ್ತಸಾಕ್ಷಿ (ಧರ್ಮಕ್ಕಾಗಿ ಹತರಾದವರು) ಯಾಕಲ್ಲ ಎಂದು ಕೇಳಬಹುದು. ವಿಶ್ವಾಸದ ಮೇಲಿನ ದ್ವೇಷದಿಂದಲೇ ಕೊಂದರು ಎಂದು ಸಾಬೀತಾಗಬೇಕು, ಅದು ಸುಲಭವಲ್ಲ. ಕೊನೆಗೆ ದಾರಿ ತೆರೆದದ್ದು ಪೋಪ್ ಫ್ರಾನ್ಸಿಸ್ 2017ರಲ್ಲಿ ಸೇರಿಸಿದ ಹೊಸ ನಿಯಮ: ಪರರಿಗಾಗಿ ತಿಳಿದೂ ತಿಳಿದೂ ಪ್ರಾಣ ಸಮರ್ಪಿಸಿದವರಿಗೂ ಸಂತ ಪದವಿಯ ಹಾದಿ ಉಂಟು. ಅದರಡಿಯಲ್ಲೇ 2025ರ ಫೆಬ್ರವರಿಯಲ್ಲಿ ಕಪಾನ್ 'ಪೂಜ್ಯ'ರಾದರು. ಒಪ್ಪಿಗೆ ಕೊಟ್ಟಾಗ ಪೋಪರೇ ನ್ಯುಮೋನಿಯಾದಿಂದ ಜೆಮೆಲ್ಲಿ ಆಸ್ಪತ್ರೆಯಲ್ಲಿದ್ದರು. ಕಪಾನ್ ಅವರ ಕೊನೆಯ ದಿನಗಳಲ್ಲೂ ಅದೇ ಕಾಯಿಲೆ ಕಾಡಿತ್ತು.

1951ರ ಮಾರ್ಚ್ 25ರ ಪಾಸ್ಖ (ಈಸ್ಟರ್) ಹಬ್ಬದ ಮುಂಜಾನೆ ಕಪಾನ್ ಸೆರೆಯಾಳುಗಳನ್ನು ಸೇರಿಸಿ ಬಹಿರಂಗವಾಗಿ ಪ್ರಾರ್ಥನೆ ನಡೆಸಿದರು. ಎರಡು ತಿಂಗಳಾಗುವುದರೊಳಗೆ ಅವರನ್ನು ಕಾವಲುಗಾರರು 'ಆಸ್ಪತ್ರೆ' ಎನ್ನುತ್ತಿದ್ದ ಕೋಣೆಗೆ ಹೊತ್ತೊಯ್ದರು. ಸೆರೆಯಾಳುಗಳ ಬಾಯಲ್ಲಿ ಅದು ಸಾವಿನ ಮನೆ. ಮೇ 23ರಂದು ತೀರಿಕೊಂಡರು. ಹೋಗುವಾಗ ಅಳುತ್ತಿದ್ದವರಿಗೆ ತಾವೇ ಸಮಾಧಾನ ಹೇಳಿದರು, ತಮ್ಮನ್ನು ಸೆರೆಹಿಡಿದವರನ್ನು ಕ್ಷಮಿಸಿ ಹರಸಿದರು.

ಇವರ ಹೆಸರು ಉಳಿಸಿದವರಲ್ಲಿ ಮೊದಲಿಗರು ಆ ಸೆರೆಯಾಳುಗಳೇ. ಕಥೋಲಿಕರಷ್ಟೇ ಅಲ್ಲ, ಪ್ರೊಟೆಸ್ಟೆಂಟರೂ ಇದ್ದರು. ಜೆರಾಲ್ಡ್ ಫಿಂಕ್ ಎಂಬ ಯೆಹೂದಿ ಪೈಲಟ್ ಶಿಬಿರಕ್ಕೆ ಬರುವ ಹೊತ್ತಿಗೆ ಕಪಾನ್ ಸತ್ತಾಗಿತ್ತು. ಕಥೆ ಕೇಳಿಯೇ ಅವನು ಸೌದೆಯ ಮರದಲ್ಲಿ ತಿಂಗಳುಗಟ್ಟಲೆ ಕೂತು ಒಂದು ಶಿಲುಬೆ ಕೆತ್ತಿದ. 1953ರಲ್ಲಿ ಬಿಡುಗಡೆಯಾದವರು ಅದನ್ನು ಹೊತ್ತುಕೊಂಡೇ ಹೊರಬಂದರು. ಈಗ ಅದು ವಿಚಿತಾದಲ್ಲಿ ಅವರ ಹೆಸರಿನ ಶಾಲೆಯಲ್ಲಿದೆ. ಪ್ರತಿ ಬೇಸಿಗೆಯಲ್ಲಿ ಜನ ವಿಚಿತಾದಿಂದ ಪಿಲ್ಸನ್‌ವರೆಗೆ ಸುಮಾರು 60 ಮೈಲಿ ಪಾದಯಾತ್ರೆ ಹೋಗುತ್ತಾರೆ.

ಸಮಾಧಿಯ ಮಾತಿಗೆ ಬರುತ್ತೇನೆ. ಕಪಾನ್ ಅವರ ಅಸ್ಥಿ ಯುದ್ಧ ಮುಗಿದ ಮೇಲೆ ಹವಾಯಿಯ ಸೈನಿಕ ಸ್ಮಶಾನ ಸೇರಿತ್ತು, ಗುರುತಿಲ್ಲದವರ ಪೈಕಿ. ಡಿಎನ್‌ಎ ಪರೀಕ್ಷೆಯಿಂದ ಗುರುತು ಸಿಕ್ಕಿದ್ದು 2021ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ವಿಚಿತಾದ ಪ್ರಧಾನಾಲಯದಲ್ಲಿ (ಬಿಷಪ್ಪರ ಚರ್ಚು) ಅವರನ್ನು ಇರಿಸಿದರು. ಎಪ್ಪತ್ತು ವರ್ಷ ಮನೆಯವರಿಗೆ ಹೂವಿಡಲು ಒಂದು ಕಲ್ಲೂ ಇರಲಿಲ್ಲ.

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ಮಂಡಿನೋವಿಗೆ ಇವರನ್ನ ಕೇಳ್ತೀನಿ. ವಾಸಿಯಾದ್ರೆ ನೀನು ಅವರಿಗೆ ಬರಿ. ಅವರ ಕೆಲಸಾನೂ ಆಗತ್ತೆ."

ಮಂಡಿನೋವು ಲೆಕ್ಕಕ್ಕೆ ಬರಲ್ಲ, ವಾಸಿಯಾಗಲ್ಲ ಅಂತ ಡಾಕ್ಟರು ಕೈಬಿಟ್ಟ ಕಾಯಿಲೆ ಇರಬೇಕು, ಥಟ್ಟನೆ ಹೋಗಬೇಕು, ಪೂರ್ತಿ ಹೋಗಬೇಕು, ಮತ್ತೆ ಬರಬಾರದು, ಅದಕ್ಕೆ ವೈದ್ಯರ ಮಂಡಳಿಯ ಹತ್ತಿರ ಕಾರಣ ಇರಬಾರದು ಎಂದೆಲ್ಲ ವಿವರಿಸಿದೆ.

"ಅಷ್ಟೆಲ್ಲ ಯಾಕೆ? ಮೆಟ್ಟಿಲು ಹತ್ತೋ ಹಾಗಾದ್ರೆ ಸಾಕು."

ಇನ್ನೂ ಪುನೀತರಾಗದವರ ಚಿತ್ರವನ್ನು ಚರ್ಚಿನ ಪೀಠದಲ್ಲಿ ಇಡುವ ಹಾಗಿಲ್ಲ. ದೊಡ್ಡಮ್ಮನ ಅಡುಗೆಮನೆಗೆ ಆ ಕಟ್ಟಳೆ ಇಲ್ಲ. ಕಾರ್ಡನ್ನು ಒಲೆಯ ಮೇಲಿನ ಗೂಡಿನಲ್ಲಿ, ಉಪ್ಪಿನ ಭರಣಿಗೆ ಒರಗಿಸಿ ನಿಲ್ಲಿಸಿದರು. ನೀರಿನ ಪಾತ್ರೆ ಒಲೆಗಿಟ್ಟು, ತಿರುಗಿ ನನ್ನನ್ನು ಕೇಳಿದರು.

"ಹೆಸರು ಏನಂದೆ?"

"ಕಪಾನ್."

ಒಂದೆರಡು ಸಲ ಬಾಯಲ್ಲೇ ಹೇಳಿಕೊಂಡರು. ಇಗ್ನಾಸಿ ಇನ್ನಾಸಪ್ಪನಾದ, ಕ್ಸೇವಿಯರ್ ಚೌರಪ್ಪನಾದ ಮನೆತನದವರು ಅವರು. "ಕಪಾನಪ್ಪ" ಎಂದರು, ಶಿಲುಬೆ ಗುರುತು ಹಾಕಿಕೊಂಡು.