ಅಡಿಕೆಗೆ ಡ್ರೈಯರ್, ಬಟ್ಟೆಗೆ ಅಮ್ಮ

ನಮ್ಮನೆ ಡ್ರೈಯರ್‌ಗೆ ಈ ಚಳಿಗಾಲದಲ್ಲಿ ಒಂದು ವಿಚಿತ್ರ ಕಾಯಿಲೆ ಶುರುವಾಯಿತು. ಬಟ್ಟೆ ತುಂಬಿ ಆಟೋ ಡ್ರೈ ಒತ್ತಿದರೆ ಸ್ವಲ್ಪ ಹೊತ್ತು ತಿರುಗಿ, ಎಲ್ಲಾ ಒಣಗಿತು ಅಂತ ಸದ್ದು ಮಾಡಿ ನಿಂತುಬಿಡುತ್ತಿತ್ತು. ಬಾಗಿಲು ತೆಗೆದು ನೋಡಿದರೆ ಟವೆಲ್‌ಗಳು ಇನ್ನೂ ಒದ್ದೆ, ಜೀನ್ಸ್ ಅಂತೂ ಹಿಂಡಿದರೆ ನೀರು ಬರೋ ಹಾಗಿತ್ತು. ಹೊರಗೆ ಮೈನಸ್ 15 ಡಿಗ್ರಿ. ಸೋಮವಾರ ಬೆಳಗ್ಗೆ ಮಗಳಿಗೆ ಶಾಲೆಗೆ ಹಾಕಲು ಒಣಗಿದ ಪ್ಯಾಂಟ್ ಬೇಕು.

ನಾವಿರೋ ಕೆನಡಾದ ಬ್ರಾಂಪ್ಟನ್‌ನಲ್ಲಿ ಹಿತ್ತಲಲ್ಲಿ ಬಟ್ಟೆ ಒಣಹಾಕೋರು ಕಡಿಮೆ. ಮೊದಲು ಎಷ್ಟೋ ಹೊಸ ಬಡಾವಣೆಗಳಲ್ಲಿ ಹಗ್ಗ ಕಟ್ಟೋದಕ್ಕೇ ನಿಷೇಧ ಇತ್ತು, ನೋಡಲು ಚೆನ್ನಾಗಿರಲ್ಲ ಅಂತ. 2008ರಲ್ಲಿ ಒಂಟಾರಿಯೋ ಸರ್ಕಾರ ನಿಯಮ ಮಾಡಿ ಅದನ್ನು ತೆಗೆಸಿತು, ಕರೆಂಟ್ ಉಳಿಯಲಿ ಅಂತ. ಈಗ ಹಗ್ಗ ಕಟ್ಟಬಹುದು. ಆದರೆ ಜನವರಿಯಲ್ಲಿ ಆ ಹಗ್ಗಕ್ಕೆ ಬಟ್ಟೆ ಹಾಕಿದರೆ ಒಣಗೋ ಮೊದಲು ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ. ಹಾಗಾಗಿ ಡ್ರೈಯರ್ ಕೆಟ್ಟರೆ ಮನೆ ಕೆಲಸವೇ ನಿಂತ ಹಾಗೆ.

ರಿಪೇರಿಯವರನ್ನು ಕರೆಸಿದರೆ ಬಂದು ನೋಡೋದಕ್ಕೇ ಸಿಕ್ಕಾಪಟ್ಟೆ ಕೇಳುತ್ತಾರೆ. ನಾವೇ ನೋಡೋಣ ಅಂತ ಯಜಮಾನರು ಮತ್ತು ನಾನು ಬೇಸ್‌ಮೆಂಟಿಗೆ ಇಳಿದೆವು, ಟಾರ್ಚ್ ಹಿಡಿಯಲು ಮಗಳೂ ಬಂದಳು. ಮೊದಲು ಮಾಡಿದ್ದು ಟೈಮರ್‌ನಲ್ಲಿ ಓಡಿಸೋದು. ನಿಮಿಷ ಇಟ್ಟು ಓಡಿಸಿದರೆ ಬಟ್ಟೆ ಗರಿಗರಿಯಾಗಿ ಒಣಗಿತು. ಅಂದರೆ ಹೀಟರ್ ಸರಿ ಇದೆ, ಮೋಟರ್ ಸರಿ ಇದೆ, ಹೊರಗೆ ಗಾಳಿ ಹೋಗೋ ಪೈಪೂ ಕಟ್ಟಿಕೊಂಡಿಲ್ಲ. ಬಟ್ಟೆ ಒಣಗಿದೆಯಾ ಇಲ್ಲವಾ ಅಂತ ತಿಳಿಯೋ ಜಾಗದಲ್ಲಿ ತೊಂದರೆ. ಅದಕ್ಕೆ ಮಾಯಿಶ್ಚರ್ ಸೆನ್ಸರ್ ಅನ್ನುತ್ತಾರೆ.

ಹೆಸರು ದೊಡ್ಡದು, ವಸ್ತು ತೀರಾ ಸಾದಾ. ಬಾಗಿಲು ತೆಗೆದು ತಲೆ ಬಗ್ಗಿಸಿ ನೋಡಿದರೆ ಬಟ್ಟೆಯಿಂದ ಉದುರೋ ನೂಲಿನ ಜುಂಗು ಹಿಡಿಯುವ ಜಾಲರಿ, ಅಂದರೆ ಲಿಂಟ್ ಫಿಲ್ಟರ್ ಪಕ್ಕದಲ್ಲಿ ಬೆರಳುದ್ದದ ಎರಡು ಲೋಹದ ಪಟ್ಟಿಗಳು, ಒಂದರ ಪಕ್ಕ ಒಂದು, ನಡುವೆ ಸ್ವಲ್ಪ ಸಂದಿ. ಡ್ರಮ್ ತಿರುಗುವಾಗ ಬಟ್ಟೆಗಳು ಬಿದ್ದು ಬಿದ್ದು ಈ ಎರಡನ್ನೂ ಒಟ್ಟಿಗೆ ಸವರಿಕೊಂಡು ಹೋಗುತ್ತವೆ. ಬಟ್ಟೆ ಒದ್ದೆಯಿದ್ದರೆ ಅದರೊಳಗಿನ ನೀರಿನ ಮೂಲಕ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ತೀರಾ ಸಣ್ಣ ಕರೆಂಟ್ ಹರಿಯುತ್ತದೆ. ಒಣಗುತ್ತಾ ಹೋದ ಹಾಗೆ ಅದು ಕಡಿಮೆಯಾಗುತ್ತದೆ. ಇನ್ನು ಹರಿಯುತ್ತಿಲ್ಲ ಅಂತ ಆದಾಗ ಒಳಗಿನ ಬೋರ್ಡ್ ಮಷಿನ್ ನಿಲ್ಲಿಸುತ್ತದೆ.

ನಮ್ಮ ಪಟ್ಟಿಗಳ ಮೇಲೆ ಬೆರಳಾಡಿಸಿದರೆ ಮೇಣ ಸವರಿದ ಹಾಗೆ ಜಿಡ್ಡು ಜಿಡ್ಡು. ಬಟ್ಟೆ ಮೆತ್ತಗಾಗಲಿ, ಘಮ್ ಅನ್ನಲಿ ಅಂತ ಜೊತೆಗೆ ಹಾಕುವ ಡ್ರೈಯರ್ ಶೀಟ್ ಇದೆಯಲ್ಲ, ಅದರದೇ ಪದರ. ಲೋಹದ ಮೇಲೆ ಅದು ಕೂತರೆ ಒದ್ದೆ ಬಟ್ಟೆ ತಾಗಿದರೂ ಕರೆಂಟ್ ಹರಿಯಲ್ಲ, ಮಷಿನ್ ಎಲ್ಲಾ ಒಣಗಿದೆ ಅಂದುಕೊಳ್ಳುತ್ತದೆ. ಪ್ಲಗ್ ಕಿತ್ತು, ಹತ್ತಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿದೆವು. ಹತ್ತಿ ಬೂದು ಬಣ್ಣಕ್ಕೆ ತಿರುಗಿತು. ಹೊಸ ಹತ್ತಿ ತಗೊಂಡು ಅದು ಬೆಳ್ಳಗೇ ಉಳಿಯೋವರೆಗೂ ಒರೆಸಿದೆವು. ಕಬ್ಬಿಣದ ನಾರು ಹಾಕಿ ಉಜ್ಜಬಾರದು, ಗೀರು ಬಿದ್ದರೆ ಅದರಲ್ಲೇ ಮತ್ತೆ ಜಿಡ್ಡು ಕೂರುತ್ತದೆ.

ಅರ್ಧ ವಾಸಿಯಾಯಿತು. ಒಂದು ಸಲ ಸರಿಯಾಗಿ ಒಣಗಿಸಿದರೆ ಇನ್ನೊಂದು ಸಲ ಮಧ್ಯದಲ್ಲೇ ನಿಲ್ಲುತ್ತಿತ್ತು. ಆಮೇಲೆ ಕರೆಂಟ್ ಹರಿಯುತ್ತಾ ಅಂತ ಪರೀಕ್ಷಿಸೋ ಮಲ್ಟಿಮೀಟರ್ ತಂದು ಸೆನ್ಸರ್‌ನಿಂದ ಬೋರ್ಡಿಗೆ ಹೋಗುವ ವೈರಿನ ತುದಿಯಲ್ಲಿ ನೋಡಿದೆವು. ಪಟ್ಟಿಗೆ ಏನೂ ತಾಗದಿದ್ದಾಗ ಮೀಟರ್ ಏನೂ ತೋರಿಸಬಾರದು, ಒದ್ದೆ ಬಟ್ಟೆ ಅಡ್ಡ ಇಟ್ಟರೆ ರೀಡಿಂಗ್ ಬರಬೇಕು. ನಮ್ಮಲ್ಲಿ ಒದ್ದೆ ಬಟ್ಟೆ ಇಟ್ಟರೂ ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ವೈರನ್ನು ಸ್ವಲ್ಪ ಅಲುಗಾಡಿಸಿದ ಕೂಡಲೇ ಬಂತು. ಡ್ರಮ್ಮಿನ ಅದುರಾಟಕ್ಕೆ ಮುಂದಿನ ಪ್ಯಾನಲ್ ಹಿಂದೆ ಕನೆಕ್ಟರ್ ಸಡಿಲಾಗಿತ್ತು. ಒತ್ತಿ ಕೂರಿಸಿದ ಮೇಲೆ ಸರಿಹೋಯಿತು. ನಿಮ್ಮಲ್ಲಿ ಇದಕ್ಕೆ ಉಲ್ಟಾ ಆದರೆ, ಅಂದರೆ ಎಷ್ಟು ಹೊತ್ತಾದರೂ ನಿಲ್ಲದೇ ಓಡುತ್ತಿದ್ದರೆ, ಆ ಎರಡು ಪಟ್ಟಿಗಳ ನಡುವೆ ಏನಾದರೂ ತಾಗಿಕೊಂಡಿದೆಯಾ ನೋಡಿ. ಒಂದೆರಡು ಅಂಗಿ ಮಾತ್ರ ಹಾಕಿದರೂ ಬೇಗ ನಿಲ್ಲುತ್ತದೆ, ಅವು ಪಟ್ಟಿಗೆ ತಾಗೋದೇ ಕಡಿಮೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಪ್ಯಾನಲ್ ವಾಪಸ್ ಕೂರಿಸುವಾಗ ಮಗಳಿಗೆ ವಿವರಿಸುತ್ತಿದ್ದೆ: ಇದು ಬಟ್ಟೆ ಮುಟ್ಟಿ ಮುಟ್ಟಿ ಒಣಗಿದೆಯಾ ಅಂತ ನೋಡುತ್ತಲೇ ಇರುತ್ತೆ ಪುಟ್ಟಿ ಅಂತ. ಅವಳು ಯೋಚನೆ ಮಾಡಿ ಹೇಳಿದಳು, "ಹಾಗಾದ್ರೆ ಅಜ್ಜಿ ಮನೇಲಿ ಸೆನ್ಸರ್ ಅಂದ್ರೆ ಅಜ್ಜಿನೇ ಅಲ್ವಾ?" ನನಗೆ ಖುಷಿಯಾಯಿತು, ಹೌದು ಅಂದೆ. ತಕ್ಷಣ ಮುಂದಿನದು ಬಂತು. "ಅಜ್ಜ ಯಾಕೆ ಮುಟ್ಟಿ ನೋಡಲ್ಲ?"

ಅಜ್ಜಂಗೆ ಬೇರೆ ಕೆಲಸ ಇರುತ್ತೆ ಅಂದೆ.

"ಇಲ್ಲ, ಮಳೆ ಬಂದಾಗ ಅಜ್ಜ ಪೇಪರ್ ಓದ್ತಾ ಇದ್ರು. ಅಜ್ಜಿ ಓಡಿ ಹೋದ್ರು."

ಕಳೆದ ಸಲ ಊರಿಗೆ ಹೋದಾಗ ಅವಳು ಇದನ್ನು ನೋಡಿದ್ದಾಳೆ. ಇಲ್ಲಿ ಅವಳಪ್ಪ ಬಟ್ಟೆ ಮಡಚುತ್ತಾರೆ, ಅವಳಿಗೆ ಅದೇ ರೂಢಿ. ನನಗೆ ಆ ಮಾತು ಎರಡು ದಿನ ತಲೆಯಿಂದ ಹೋಗಲಿಲ್ಲ. ಇಷ್ಟು ವರ್ಷ ಆ ಜಗಲಿಯಲ್ಲೇ ಬೆಳೆದವಳು ನಾನು. ಅಮ್ಮ ಓಡುವುದು ನನ್ನ ಕಣ್ಣಿಗೆ ಮಳೆಯ ಒಂದು ಭಾಗವೇ ಆಗಿತ್ತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳ್ಳಿ. ಜೂನ್ ಶುರುವಾದರೆ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸುವುದೇ ಒಂದು ಹೋರಾಟ. ಹಿಂದಿನ ಜಗಲಿಯಲ್ಲಿ ಹಗ್ಗ, ನಡುಮನೆಯಲ್ಲಿ ಬಿದಿರಿನ ಗಳ, ಬಚ್ಚಲ ಒಲೆಯ ಮೇಲೆ ಇನ್ನೊಂದು ಹಗ್ಗ. ಒಂದು ಬಟ್ಟೆ ಮೂರೂ ಕಡೆ ಸುತ್ತಿ ಬಂದ ಮೇಲೆ ಮೈಮೇಲೆ ಬರುತ್ತಿತ್ತು. ಮಗು ಇದ್ದ ಮನೆಯಲ್ಲಿ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂಸಿನ ಬಟ್ಟೆ ಹರಡುತ್ತಿದ್ದರು. ಶಾಲೆಯಲ್ಲಿ ಇಡೀ ಕ್ಲಾಸಿಗೇ ಹೊಗೆ ವಾಸನೆ, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಬಟ್ಟೆ ಒಣಗಿದೆಯಾ ಅಂತ ಅಮ್ಮ ನೋಡುತ್ತಿದ್ದದ್ದು ಕೆನ್ನೆಯಿಂದ. ಅಂಗೈ ಸದಾ ನೀರಲ್ಲೇ ಇರುತ್ತಿತ್ತು, ಅದಕ್ಕೆ ತಣ್ಣಗಿದ್ದದ್ದು ಗೊತ್ತಾಗುತ್ತಿರಲಿಲ್ಲ. ನನ್ನ ಯೂನಿಫಾರ್ಮಿನ ಕಾಲರ್, ಲಂಗದ ಲಾಡಿ ಹೋಗುವ ಮಡಿಕೆ, ಅಣ್ಣನ ಚಡ್ಡಿಯ ಜೇಬು, ಇವನ್ನೇ ಹುಡುಕಿ ಹುಡುಕಿ ಕೆನ್ನೆಗೆ ಒತ್ತುತ್ತಿದ್ದಳು. ನಮ್ಮ ಡ್ರೈಯರ್ ಸರಿ ಇದ್ದಾಗಲೂ ಜೀನ್ಸಿನ ಸೊಂಟದ ಪಟ್ಟಿ ಕೆಲವು ಸಲ ಹಸಿ ಉಳಿಯುತ್ತದೆ, ಯಾಕಂದರೆ ಅದಕ್ಕೆ ತಾಗಿದ್ದಷ್ಟೇ ಗೊತ್ತು. ಎಲ್ಲಿ ತೇವ ಉಳಿಯುತ್ತೆ ಅಂತ ಅಮ್ಮನಿಗೆ ಮೊದಲೇ ಗೊತ್ತಿತ್ತು.

ಅಪ್ಪನಿಗೆ ತೇವ ಗೊತ್ತಾಗಲ್ಲ ಅಂತಲ್ಲ, ಅದನ್ನೂ ಹೇಳಬೇಕು. ಬೇಯಿಸಿದ ಅಡಿಕೆಯನ್ನು ಒಂದು ಹಿಡಿ ತಗೊಂಡು ಕುಲುಕಿ, ಸದ್ದು ಕೇಳಿಯೇ ಇನ್ನೊಂದು ಬಿಸಿಲು ಬೇಕು ಅನ್ನುತ್ತಿದ್ದರು. ಅಂಗಳದಲ್ಲಿ ಅಡಿಕೆ ಹರಡಿದ್ದಾಗ ಒಂದು ಹನಿ ಬಿದ್ದರೆ ಸಾಕು, ಅಪ್ಪ, ಅಣ್ಣ, ಕೆಲಸದವರು, ಬಂದ ನೆಂಟರು, ಎಲ್ಲರೂ ಟಾರ್ಪಾಲು ಹಿಡಿದು ಓಡುತ್ತಿದ್ದರು. ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಎದ್ದಿದ್ದುಂಟು. ಅದೇ ಅಂಗಳದ ಮೂಲೆಯಲ್ಲಿ ಬಟ್ಟೆ ಹಗ್ಗ. ಅದರ ಕಡೆ ಅಮ್ಮನ ಹೊರತು ಒಬ್ಬರೂ ಹೋಗುತ್ತಿರಲಿಲ್ಲ. ಅಡಿಕೆ ನೆಂದರೆ ಬೂಸಲು ಬಂದು ರೇಟು ಬೀಳುತ್ತೆ, ಬಟ್ಟೆ ನೆಂದರೆ ಅಮ್ಮ ಮತ್ತೆ ಒಣಹಾಕುತ್ತಾಳೆ.

ಕೊಯ್ಲಿನ ಹೊತ್ತಿಗೂ ಮಳೆ ಬಿಡದ ಹಾಗಾದ ಮೇಲೆ ಮನೆಗೆ ಅಡಿಕೆ ಡ್ರೈಯರ್ ಬಂತು. ಸೌದೆ ಉರಿಸಿ ಬಿಸಿಗಾಳಿ ಊದುವಂಥದ್ದು, ಒಳಗೆ ಸಾಲಾಗಿ ಟ್ರೇಗಳು. ಸೊಸೈಟಿಯಲ್ಲಿ ಸಾಲ ಮಾಡಿ ತಂದರು, ಮಾಡಬೇಕಾದ್ದೇ, ವರ್ಷದ ದುಡಿಮೆ ಅದು. ಆದರೆ ಮನೆಯಲ್ಲಿ ಒಣಗಿಸುವ ಮಷಿನ್ ಬಂದ ಆ ವರ್ಷವೂ ಅಮ್ಮನ ಬಟ್ಟೆ ಬಚ್ಚಲ ಒಲೆಯ ಮೇಲೆಯೇ ಇತ್ತು. ಬಟ್ಟೆಗೂ ಒಂದು ಬೇಕಲ್ಲವಾ ಅನ್ನುವ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಕಡೆ ಬಹುಪಾಲು ಮನೆಗಳಲ್ಲಿ ಹೀಗೇ. ಗಂಡಸರು ಕೆಟ್ಟವರಲ್ಲ. ದುಡ್ಡು ಬರುವ ತೇವವನ್ನು ಮಾತ್ರ ಮನೆ ಲೆಕ್ಕಕ್ಕೆ ಹಿಡಿಯುತ್ತದೆ, ನನಗೆ ನೋವಾಗುವುದು ಅದಕ್ಕೆ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗಳೇ ಕೇಳಿದಳು, ಅಜ್ಜಾ, ಅಡಿಕೆ ಒಣಗಿದ್ದು ಹೇಗೆ ಗೊತ್ತಾಗುತ್ತೆ ಅಂತ. ಅಪ್ಪ ಪ್ರೀತಿಯಿಂದ ಒಳಗೆ ಹೋಗಿ ಅಡಿಕೆ ತಂದು ಕುಲುಕಿ ಕೇಳಿಸಿದರು. "ಬಟ್ಟೆದು?" ಅಂದಳು. "ಅದನ್ನ ನಿನ್ನ ಅಜ್ಜಿ ಹತ್ರ ಕೇಳು" ಅಂದರು. ಅಮ್ಮ ಹಿಂದಿನಿಂದ, "ನನಗೆಂಥ ಮಷಿನು, ಒಲೆ ಇದೆಯಲ್ಲ" ಅಂತ ಕೂಗಿದಳು. ಗ್ಯಾಸ್ ತರುವಾಗಲೂ ಇದನ್ನೇ ಹೇಳಿದ್ದಳು, ಮಿಕ್ಸಿ ತರುವಾಗಲೂ.

ಅಣ್ಣನ ಹತ್ತಿರ ಮಾತಾಡಿದ್ದೇನೆ. ಮುಂದಿನ ಮಳೆಗಾಲದೊಳಗೆ ಬಟ್ಟೆಯ ಡ್ರೈಯರ್ ಒಂದು ಮನೆಗೆ ಬರಲೇಬೇಕು, ದುಡ್ಡು ನಾನು ಕಳಿಸುತ್ತೇನೆ. ಅವನ ಚಿಂತೆ ಕರೆಂಟಿನದು, ಮಳೆಗಾಲದಲ್ಲಿ ವೋಲ್ಟೇಜ್ ಬೀಳುತ್ತೆ, ದಿನಗಟ್ಟಲೆ ಹೋಗಿಯೂ ಬಿಡುತ್ತೆ. ಹೀಟರ್ ಇರುವ ಮಾಮೂಲಿ ಡ್ರೈಯರ್ 2000 ವ್ಯಾಟ್ ಆಸುಪಾಸು ಎಳೆಯುತ್ತದೆ, ಅದಕ್ಕೆ 16 ಆಂಪ್‌ನ ದೊಡ್ಡ ಪ್ಲಗ್ ಪಾಯಿಂಟೇ ಬೇಕು. ಒಳಗಿನ ಬಿಸಿಯನ್ನೇ ಮತ್ತೆ ಮತ್ತೆ ಬಳಸುವ ಹೀಟ್ ಪಂಪ್ ಇರುವಂಥದ್ದು ಕಡಿಮೆ ಕರೆಂಟ್ ತಗೊಳ್ಳುತ್ತೆ, ಬೆಲೆ ಜಾಸ್ತಿ. ಮಲೆನಾಡಿನ ಹಳ್ಳಿ ಮನೆಯಲ್ಲಿ ಯಾರಾದರೂ ಇಟ್ಟುಕೊಂಡಿದ್ದರೆ ದಯವಿಟ್ಟು ಹೇಳಿ: ಯಾವ ಬಗೆಯದು, ಸ್ಟೆಬಿಲೈಜರ್ ಬೇಕಾಯಿತಾ, ಜುಲೈಯಲ್ಲಿ ದಿನಕ್ಕೆ ಎಷ್ಟು ಹೊತ್ತು ಓಡಿಸಲು ಆಗುತ್ತದೆ?